ಮದ್ದು ಏರುವ ಆ ಎರಡು ನಿಮಿಷ

ಪಗ್ ಜಾತಿಯ ನಾಯಿಯ ಕಣ್ಣುಗಳು ಗೂಡಿನಿಂದ ಹೊರಚಾಚಿಕೊಂಡಂತಿರುತ್ತವೆ. ಮುಳ್ಳೋ ಬೆಕ್ಕಿನ ಉಗುರೋ ತಾಗಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಹುಣ್ಣಾಗುವುದು ಅವಕ್ಕೆ ಸಾಮಾನ್ಯ. ಹುಣ್ಣು ಬಹಳ ಆಳಕ್ಕಿಳಿದರೆ ಶಸ್ತ್ರಚಿಕಿತ್ಸೆಯೇ ಗತಿ. ಆದರೆ ವೈದ್ಯರು ಕತ್ತರಿ ಹಿಡಿಯುವ ಮೊದಲೇ, ಅರಿವಳಿಕೆ ಮದ್ದು ಏರುವ ಒಂದೆರಡು ನಿಮಿಷಗಳಲ್ಲೇ, ಅಪಾಯ ಕಾದಿರುತ್ತದೆ.

ಕಣ್ಣುಗುಡ್ಡೆ ಒಳಗಿನ ದ್ರವದಿಂದ ಬಿಗಿದುಕೊಂಡಿರುವ ಚೆಂಡು. ಆರೋಗ್ಯವಂತ ನಾಯಿಯಲ್ಲಿ ಈ ಒತ್ತಡ ಪಾದರಸದ ಲೆಕ್ಕದಲ್ಲಿ ಸುಮಾರು 10ರಿಂದ 20 ಮಿ.ಮೀ. ಅದು ಥಟ್ಟನೆ ಏರಿದರೆ ತೆಳುವಾದ ಕಾರ್ನಿಯಾ ಒಡೆದೇ ಹೋದೀತು.

ರಕ್ತದೊತ್ತಡ ಇಳಿದರೆ ಕಣ್ಣಿನ ಒತ್ತಡವೂ ಇಳಿಯಬೇಕಲ್ಲವೆ? ಹಾಗೆಂದು ನಂಬಿ ಕೂರುವಂತಿಲ್ಲ. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಮದ್ದನ್ನೇ ನೋಡಿ. (ಮನುಷ್ಯರ ಆಸ್ಪತ್ರೆಗಳಲ್ಲೂ ಇದರದೇ ಕಾರುಬಾರು. ಇದನ್ನು ರೂಪಿಸಿದ ಜಾನ್ ಗ್ಲೆನ್ ಮಾತ್ರ ಪಶುವೈದ್ಯರು. 2018ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು.) ಇದು ರಕ್ತನಾಳಗಳನ್ನು ಸಡಿಲಿಸಿ ರಕ್ತದೊತ್ತಡವನ್ನು ತಗ್ಗಿಸುತ್ತದೆ. ಮನುಷ್ಯರಲ್ಲಿ ಕಣ್ಣಿನ ಒತ್ತಡವೂ ಸಾಮಾನ್ಯವಾಗಿ ತಗ್ಗುತ್ತದೆ. ನಾಯಿಗಳಲ್ಲಿ ಅದು ಏರಿದ್ದು ಪ್ರಯೋಗಗಳಲ್ಲಿ ಕಂಡಿದೆ! ಕೆಟಮಿನ್ ಎರಡನ್ನೂ ಏರಿಸಬಲ್ಲದು. ಇಟೊಮಿಡೇಟ್ ರಕ್ತದೊತ್ತಡವನ್ನು ಅಷ್ಟಾಗಿ ಕದಲಿಸದು. ಸ್ನಾಯುಗಳನ್ನು ಅದುರಿಸುವ ದುರ್ಗುಣ ಅದಕ್ಕುಂಟು.

ಒಂದು ಇಳಿದು ಇನ್ನೊಂದು ಏರಿದರೇನಾಯಿತು? ಸಣ್ಣ ಲೆಕ್ಕ ಮಾಡಿ. ಕಣ್ಣಿನೊಳಕ್ಕೆ ರಕ್ತವನ್ನು ನೂಕುವ ಬಲವೆಂದರೆ, ಸ್ಥೂಲವಾಗಿ, ಸರಾಸರಿ ರಕ್ತದೊತ್ತಡದಲ್ಲಿ ಕಣ್ಣಿನ ಒತ್ತಡ ಕಳೆದು ಉಳಿದದ್ದು. 90ರಲ್ಲಿ 15 ಕಳೆದರೆ 75. ರಕ್ತದೊತ್ತಡ 60ಕ್ಕೆ ಇಳಿದು ಕಣ್ಣಿನದು 25ಕ್ಕೆ ಏರಿತೆನ್ನಿ, ಉಳಿಯುವುದು ಬರೀ 35. ಗ್ಲಾಕೋಮಾದಿಂದ ಮೊದಲೇ ನಲುಗಿರುವ ದೃಷ್ಟಿನರಕ್ಕೆ ಇದು ಉಪವಾಸವೇ ಸರಿ.

ಮದ್ದಿಗಿಂತಲೂ ಕೆಡುಕು ಮಾಡುವುದು ಕೆಮ್ಮು. ಮಂಪರು ಸಾಲದಿರುವಾಗ ಶ್ವಾಸನಾಳಕ್ಕೆ ಕೊಳವೆ ತೂರಿಸಿದರೆ ನಾಯಿ ಕೆಮ್ಮುತ್ತದೆ, ಅಭಿಧಮನಿಗಳಲ್ಲಿ ರಕ್ತ ಹಿಂದೊತ್ತಿ ಕಣ್ಣಿನ ಒತ್ತಡ ಜಿಗಿಯುತ್ತದೆ. ಆದ್ದರಿಂದಲೇ ವೈದ್ಯರು ಮೊದಲೇ ನಾಯಿಯನ್ನು ಶಾಂತಗೊಳಿಸಿ, ಮದ್ದನ್ನು ನಿಧಾನವಾಗಿ ಏರಿಸಿ, ಗಂಟಲಿಗೆ ಲಿಗ್ನೋಕೇನ್ ಸಿಂಪಡಿಸುತ್ತಾರೆ. ತಲೆಯನ್ನು ತುಸು ಎತ್ತರಿಸಿ, ಕತ್ತು ಒತ್ತದಂತೆ ಹಿಡಿಯುತ್ತಾರೆ.

ಕತ್ತಿನ ಈ ಎಚ್ಚರಿಕೆ ಆಸ್ಪತ್ರೆಗೆ ಹೊರಡುವಾಗಲೂ ಬೇಕು. ಕೊರಳಪಟ್ಟಿ ಬಿಗಿದು ಎಳೆದಾಗ ನಾಯಿಯ ಕಣ್ಣಿನ ಒತ್ತಡ ಏರುವುದನ್ನೂ ಎದೆಪಟ್ಟಿಯಿಂದ ಎಳೆದಾಗ ಹಾಗಾಗದಿರುವುದನ್ನೂ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.