ಪ್ರಚಾರಕ್ಕೆ ಹೊರಟ ಮಗನಿಗೆ ಏನು ಹೇಳಬೇಕು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಾಲ್ಕೂ ಒಂದೇ ಲೆಕ್ಕಕ್ಕೆ ಸೇರುತ್ತವೆ. ಲೋಕಸಭೆಯ ಚುನಾವಣೆ ಬಂದಾಗ ಮಾತ್ರ ಎರಡು ಪಾಲಾಗುತ್ತವೆ. ಮಧುಗಿರಿ, ಕೊರಟಗೆರೆ ತುಮಕೂರು ಕ್ಷೇತ್ರಕ್ಕೆ. ಶಿರಾ, ಪಾವಗಡ ಚಿತ್ರದುರ್ಗ ಕ್ಷೇತ್ರಕ್ಕೆ.

ಕ್ಷೇತ್ರ ಯಾವುದಾದರೇನು, ಚುನಾವಣೆ ಬಂತೆಂದರೆ ಹಲವು ಮನೆಗಳಲ್ಲಿ ನಡೆಯುವ ಮಾತುಕತೆ ಒಂದೇ. ‘ನಾನೂ ನಾಲ್ಕು ದಿನ ಓಡಾಡಿ ಬರ್ತೀನಪ್ಪ, ಅವರು ಗೆದ್ದರೆ ನಮ್ಮ ಕಡೆಗೆ ಒಳ್ಳೇದಾಗುತ್ತೆ’ ಎಂದು ಮಗ. ‘ನಿನಗ್ಯಾಕೋ ಊರ ಉಸಾಬರಿ? ಸುಮ್ಮನೆ ಓದ್ಕೋ’ ಎಂದು ತಂದೆ. ತಂದೆಯ ಆತಂಕ ಸುಳ್ಳಲ್ಲ. 2023ರ ಮೇ 10ರಂದು ವಿಧಾನಸಭೆಗೆ ಮತದಾನ ನಡೆದರೆ, ಹತ್ತು ದಿನ ಕಳೆಯುತ್ತಲೇ ಸಿಇಟಿ ಪರೀಕ್ಷೆ ಇತ್ತು. 2024ರಲ್ಲಿ ಏಪ್ರಿಲ್ 18 ಮತ್ತು 19ರಂದು ಸಿಇಟಿ, 26ರಂದು ಈ ಎರಡೂ ಕ್ಷೇತ್ರಗಳಲ್ಲಿ ಲೋಕಸಭೆಗೆ ಮತದಾನ. ಭಾಷಣದ ಕಾವೂ ಪರೀಕ್ಷೆಯ ಕಾವೂ ಒಟ್ಟಿಗೇ ಏರುತ್ತವೆ.

ಹಾಗೆಂದು ಮಗನ ಆಸೆಯನ್ನು ಹುಚ್ಚಾಟವೆಂದು ತಳ್ಳಿಹಾಕುವಂತಿಲ್ಲ. ಮಧುಗಿರಿಯ ಪಕ್ಕದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಪ್ರಾಣ ತೆತ್ತವರು ಹಳ್ಳಿಗಾಡಿನ ಸಾಮಾನ್ಯರು. 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆದಾಗ ಗುಂಡಿಗೆ ಬಲಿಯಾದ ರಾಮಸ್ವಾಮಿ ಇನ್ನೂ ವಿದ್ಯಾರ್ಥಿ. ಮೈಸೂರಿನ ರಾಮಸ್ವಾಮಿ ವೃತ್ತಕ್ಕೆ ಆ ಹುಡುಗನ ಹೆಸರೇ ಇದೆ. ಇದನ್ನೆಲ್ಲ ಮಕ್ಕಳಿಗೆ ಅಭಿಮಾನದಿಂದ ಹೇಳಿಕೊಟ್ಟು, ಮರುಕ್ಷಣ ‘ರಾಜಕೀಯ ಹೊಲಸು, ಅತ್ತ ತಲೆ ಹಾಕಬೇಡ’ ಎಂದರೆ ಮಕ್ಕಳು ಯಾವ ಮಾತನ್ನು ನಂಬಬೇಕು?

ಮೊದಲು ವಯಸ್ಸಿನ ಮಾತು. ಸಂವಿಧಾನದ 61ನೇ ತಿದ್ದುಪಡಿಯಿಂದಾಗಿ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಮಕ್ಕಳನ್ನು ಯಾವ ಬಗೆಯ ಪ್ರಚಾರಕ್ಕೂ ಬಳಸಕೂಡದು, ಕರಪತ್ರ ಹಂಚಲಿಕ್ಕೂ ಘೋಷಣೆ ಕೂಗಲಿಕ್ಕೂ ಕರೆಯಕೂಡದು ಎಂದು ಚುನಾವಣಾ ಆಯೋಗ 2024ರ ಫೆಬ್ರುವರಿಯಲ್ಲಿ ಪಕ್ಷಗಳಿಗೆ ಕಟ್ಟುನಿಟ್ಟಾಗಿ ಹೇಳಿದೆ. ಆದ್ದರಿಂದ ಹೈಸ್ಕೂಲು, ಪಿಯುಸಿ ಮಕ್ಕಳು 18 ತುಂಬುವ ತನಕ ಕಾಯುವುದೇ ಸರಿ. ಕಾಯುವ ಕಾಲಕ್ಕೂ ಕೆಲಸವಿದೆ. 17 ತುಂಬಿದವರು ಮತದಾರರ ಪಟ್ಟಿಗೆ ಮುಂಗಡವಾಗಿ ಅರ್ಜಿ ಕೊಡಬಹುದು. 18 ತುಂಬಿತೇ ಎಂದು ನೋಡಲು ಹಿಂದೆ ಜನವರಿ 1 ಒಂದೇ ದಿನವಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಕುಗಳೂ ಲೆಕ್ಕಕ್ಕೆ ಬಂದಿವೆ.

18 ದಾಟಿದವರು ತಮಗೆ ತಾವೇ ಕೇಳಿಕೊಳ್ಳಬೇಕಾದದ್ದು ಒಂದಿದೆ: ಈ ಕರೆ ಬಂದದ್ದು ಎಲ್ಲಿಂದ? ಗೆಳೆಯರೆಲ್ಲ ಹೊರಟರೆಂದೋ, ಅಭ್ಯರ್ಥಿ ನಮ್ಮ ಜಾತಿಯವರೆಂದೋ, ಬೈಕಿಗೆ ಪೆಟ್ರೋಲು, ಮಧ್ಯಾಹ್ನಕ್ಕೆ ಬಿರಿಯಾನಿ ಸಿಗುತ್ತದೆಂದೋ ಹೊರಟರೆ ಅದು ಸ್ವಯಂಸೇವೆಯಲ್ಲ. ಊರಿನ ಒಂದು ಕಷ್ಟ ಮನಸ್ಸನ್ನು ಕೊರೆದು, ಅದಕ್ಕೆ ಈ ಅಭ್ಯರ್ಥಿಯಿಂದ ದಾರಿಯಾದೀತು ಎಂದು ಯೋಚಿಸಿ ಹೊರಟರೆ ಅದು ಬೇರೆಯೇ ಮಾತು. ಪಾವಗಡದ ಫ್ಲೋರೈಡ್ ನೀರು ಅಂಥದೊಂದು ಕಷ್ಟ. ಅದೇ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಎದ್ದಿದೆ. ಭೂಮಿ ಗುತ್ತಿಗೆಗೆ ಕೊಟ್ಟ ರೈತನ ಮಕ್ಕಳಿಗೆ ಮುಂದೆ ಯಾವ ಕೆಲಸ ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಇಂಥ ಪ್ರಶ್ನೆ ಹಿಡಿದು ಹೋಗುವವರು ಓದಿಕೊಂಡು ಹೋಗಬೇಕು. 2020ರ ನವೆಂಬರ್ 3ರಂದು ಶಿರಾ ಉಪಚುನಾವಣೆ ನಡೆದಾಗ ಕೊರೊನಾ ಕಾಲ. ಮನೆ ಮನೆ ಪ್ರಚಾರಕ್ಕೆ ಅಭ್ಯರ್ಥಿಯೂ ಸೇರಿ ಐದೇ ಜನ ಎಂದು ಆಯೋಗ ಮಿತಿ ಹಾಕಿತ್ತು. ನೂರು ಜನರ ಮೆರವಣಿಗೆಯಲ್ಲಿ ಜೈಕಾರ ಹಾಕಿ ಮರೆಯಾಗಬಹುದು. ಐದು ಜನರಲ್ಲಿ ಒಬ್ಬನಾಗಿ ಹೊಸ್ತಿಲ ಮುಂದೆ ನಿಂತಾಗ, ‘ನೀರು ಯಾವಾಗ ಬರುತ್ತಪ್ಪಾ?’ ಎಂದು ಅಜ್ಜಿ ಕೇಳಿದರೆ ಉತ್ತರ ಬೇಕು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲಜ್ಜಿ, ಕೇಳಿಕೊಂಡು ಬರ್ತೀನಿ’ ಎನ್ನುವ ಧೈರ್ಯ ಬೇಕು. ಹಾಗೆ ಕೇಳಿಸಿಕೊಂಡು ಬಂದವರಿಗೆ ತಮ್ಮ ತಾಲ್ಲೂಕು ಯಾವ ಪುಸ್ತಕದಲ್ಲೂ ಸಿಗದಷ್ಟು ಗೊತ್ತಾಗುತ್ತದೆ.

ಹೊರಡುವ ಮುನ್ನ ಏನು ಮಾಡುವುದಿಲ್ಲ ಎಂಬುದನ್ನು ಗಟ್ಟಿಮಾಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಮತಕ್ಕಾಗಿ ಹಣ, ಸೀರೆ ಹಂಚುವುದು ಅಪರಾಧ; ‘ಅಣ್ಣ ಹೇಳಿದರು, ಹಂಚಿದೆ’ ಎಂದರೆ ಕಾನೂನು ಒಪ್ಪದು. ಮುದ್ರಕರ, ಪ್ರಕಾಶಕರ ಹೆಸರಿಲ್ಲದ ಕರಪತ್ರ ಮುದ್ರಿಸುವುದಕ್ಕೂ ಶಿಕ್ಷೆಯಿದೆ. ಅಂಥದು ಕೈಗೆ ಬಂದರೆ ಹಂಚದೆ ಹಿಂದಿರುಗಿಸುವುದೇ ಕ್ಷೇಮ. ಮತದಾನ ಮುಗಿಯುವ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ನಿಷಿದ್ಧ. ಮತದಾನದ ದಿನ ಮತಗಟ್ಟೆಯಿಂದ 100 ಮೀಟರ್ ಒಳಗೆ ಮತ ಕೇಳುವಂತಿಲ್ಲ. ಎದುರಾಳಿಯ ಜಾತಿ, ಧರ್ಮ, ಮನೆಯ ಹೆಣ್ಣುಮಕ್ಕಳ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಹೊಲಸನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಒಂದು ಪೊಲೀಸ್ ಕೇಸು ಬಿದ್ದರೆ ನಾಳೆ ಕೆಲಸ, ಪಾಸ್‌ಪೋರ್ಟ್ ಎಂದು ಅಲೆಯುವಾಗ ಯಾವ ನಾಯಕರೂ ಜೊತೆಗೆ ಬರುವುದಿಲ್ಲ.

ಹಳ್ಳಿಯಲ್ಲಿ ಇನ್ನೂ ಒಂದು ಮಾತಿದೆ. ಎಣಿಕೆ ಮುಗಿದ ಸಂಜೆ ಗೆದ್ದವರು ಬೆಂಗಳೂರಿಗೋ ದಿಲ್ಲಿಗೋ ಹೊರಡುತ್ತಾರೆ. ಊರಿನಲ್ಲಿ ಉಳಿಯುವವರು ಅಕ್ಕಪಕ್ಕದವರೇ. ಎದುರು ಪಕ್ಷಕ್ಕೆ ದುಡಿದ ಚಿಕ್ಕಪ್ಪನ ಮನೆಯಲ್ಲಿ ಮರುದಿನ ಕೂತು ಕಾಫಿ ಕುಡಿಯಲು ಮುಖ ಉಳಿಯುವಂತೆ ಪ್ರಚಾರ ಮಾಡಬೇಕು.

ತಂದೆ ತಾಯಿ ಬೇಡವೆಂದು ಬಾಗಿಲು ಹಾಕಿದರೆ ಮಗ ಹೇಳದೆ ಹೋಗುತ್ತಾನೆ. ಅದಕ್ಕಿಂತ ಕೂತು ಕೇಳುವುದು ಲೇಸು: ಯಾರ ಜೊತೆ ಹೋಗುತ್ತೀಯ, ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀಯ, ಓದುವುದು ಯಾವಾಗ, ಮಾಡಬಾರದ್ದನ್ನು ಮಾಡು ಎಂದರೆ ಏನು ಹೇಳುತ್ತೀಯ? ಮಗಳು ಹೊರಟರೂ ಇವೇ ಪ್ರಶ್ನೆಗಳು ಸಾಕು. ಹೆಣ್ಣೆಂಬ ಕಾರಣಕ್ಕೆ ಬೇಡವೆನ್ನುವುದು ನ್ಯಾಯವಲ್ಲ. ಕೊನೆಯ ಪ್ರಶ್ನೆಗೆ ಮಕ್ಕಳು ತಡವರಿಸದೆ ಉತ್ತರ ಕೊಟ್ಟರೆ ಕಳಿಸಿಕೊಡಬಹುದು. ತಡವರಿಸಿದರೆ ಈ ಚುನಾವಣೆಗೆ ಮತ ಹಾಕಿ ಬರಲಿ. ಮುಂದಿನ ಚುನಾವಣೆ ಬಂದೇ ಬರುತ್ತದೆ.