ಕ್ವಿಕ್ ಫಾರ್ಮ್ಯಾಟ್ ನಂಬಿ ಕೆಟ್ಟೆ

ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟ್ ಇದ್ದದ್ದು ಒಂದೇ ಒಂದು ಫ್ಲಾಪಿಯಲ್ಲಿ. ಸೇವ್ ಮಾಡುವಾಗ ತಕರಾರೇ ಇರಲಿಲ್ಲ. ಪ್ರಿಂಟ್ ತೆಗೆಸೋಕೆ ಹೋದರೆ ಡ್ರೈವ್ ಕರಕರ ಅಂತು, ಫೈಲ್ ತೆರೀಲೇ ಇಲ್ಲ. ತಪ್ಪು ನನ್ನದೇ. ಹಳೇ ಫ್ಲಾಪಿಯನ್ನು ಆತುರದಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದ್ದೆ.

1.44 ಎಂಬಿ ಫ್ಲಾಪಿಯಲ್ಲಿ ತಲಾ 512 ಬೈಟ್‌ನ 2,880 ಸೆಕ್ಟರ್‌ಗಳಿರುತ್ತವೆ. ಪೂರ್ತಿ ಫಾರ್ಮ್ಯಾಟ್ ಕೊಟ್ಟರೆ ಡಾಸ್ ಆಗಲಿ ವಿಂಡೋಸ್ ಆಗಲಿ ಅಷ್ಟನ್ನೂ ಪರೀಕ್ಷಿಸುತ್ತೆ. ಕೆಟ್ಟ ಸೆಕ್ಟರ್ ಸಿಕ್ಕರೆ ರಿಪೇರಿ ಮಾಡಲ್ಲ. ಫ್ಯಾಟ್ ಅನ್ನೋ ಪಟ್ಟಿಯಲ್ಲಿ ಆ ಜಾಗಕ್ಕೆ 'ಎಫ್‌ಎಫ್7' ಅಂತ ಗುರುತು ಹಾಕುತ್ತೆ. ಬಸ್ಸಿನಲ್ಲಿ ಮುರಿದ ಸೀಟಿಗೆ ಹಗ್ಗ ಕಟ್ಟಿದ ಹಾಗೆ! ಆಮೇಲೆ ಯಾವ ಫೈಲೂ ಅಲ್ಲಿ ಕೂರಲ್ಲ. ಜಾಗ ಸ್ವಲ್ಪ ಕಮ್ಮಿಯಾಗುತ್ತೆ, ಅಷ್ಟೇ. ಆದರೆ ಪಟ್ಟಿ ಶುರುವಾಗೋ ಮೊದಲ ಟ್ರ್ಯಾಕೇ ಕೆಟ್ಟಿದ್ದರೆ ಡಾಸ್ 'ಟ್ರ್ಯಾಕ್ 0 ಬ್ಯಾಡ್' ಅಂತ ಕೈಚೆಲ್ಲುತ್ತಿತ್ತು. ಆ ಫ್ಲಾಪಿ ಕಸದ ಬುಟ್ಟಿಗೇ.

ಕ್ವಿಕ್ ಫಾರ್ಮ್ಯಾಟ್ ಪಟ್ಟಿಯನ್ನಷ್ಟೇ ಹೊಸದು ಮಾಡುತ್ತೆ, ಸೀಟುಗಳನ್ನು ನೋಡೋದೇ ಇಲ್ಲ. ನನ್ನ ರಿಪೋರ್ಟ್ ಹೋಗಿ ಕೂತದ್ದು ಮುರಿದ ಸೀಟಿನ ಮೇಲೆ. ಆ ರಾತ್ರಿಯಿಡೀ ಕೂತು ಮತ್ತೆ ಟೈಪ್ ಮಾಡಿದೆ.

ಫ್ಲಾಪಿ ಕಾಲ ಮುಗೀತು ಅನ್ನಬೇಡಿ. ಇಂದಿಗೂ ವಿಂಡೋಸ್‌ನಲ್ಲಿ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಹೊರಟರೆ 'ಕ್ವಿಕ್ ಫಾರ್ಮ್ಯಾಟ್' ಎದುರು ಟಿಕ್ ಮೊದಲೇ ಇರುತ್ತೆ. ಡ್ರೈವ್ ಹಳೇದಾಗಿದ್ದರೆ ಆ ಟಿಕ್ ತೆಗೀರಿ. ಹೊತ್ತು ಹಿಡಿಯುತ್ತೆ, ಒಂದು ಕಾಫಿ ಕುಡಿದು ಬನ್ನಿ. ಆದರೂ ಗುರುತು ಬೀಳೋದು ಇವತ್ತು ಕೆಟ್ಟಿರೋ ಜಾಗಕ್ಕೆ ಮಾತ್ರ, ನಾಳೆ ಕೆಡೋದಕ್ಕಲ್ಲ. ಅದಕ್ಕೇ, ಬೇಕಾದ ಫೈಲ್ ಇನ್ನೊಂದು ಕಡೆಯೂ ಇರಲಿ.