ಹಡಗು ಬಾರದ ಎರಡು ದಿನ

ಹೋದ ಸಂಚಿಕೆಯಲ್ಲಿ ನಮ್ಮ ಕಚೇರಿಯ ಫ್ಯಾನಿನ ಪುರಾಣವನ್ನು ಓದಿ ಬೇಸತ್ತ ವಾಚಕ ಮಹಾಶಯರೊಬ್ಬರು ಸಂಘದ ಕೂಟದಲ್ಲಿ ನನ್ನನ್ನು ತಡೆದು ನಿಲ್ಲಿಸಿ, "ಸ್ವಾಮಿ, ಒಂದು ಸಲವಾದರೂ ಆ ಕಡತಗಳಿಂದ ಹೊರಗೆ ಬನ್ನಿ" ಎಂದರು. ಇಗೋ, ಬಂದಿದ್ದೇನೆ. ಆದರೆ ಗುಮಾಸ್ತನಾದವನು ಕಡತದಿಂದ ಹೊರಗೆ ಬರುವುದಕ್ಕೂ ಒಂದು ಕಡತ ಬೇಕು. ನಮ್ಮಲ್ಲಿ ಅದಕ್ಕೆ ಎಲ್.ಟಿ.ಸಿ. ಎಂದು ಹೆಸರು.

ಕೇಂದ್ರ ಸರ್ಕಾರದ ನೌಕರನಿಗೆ ಸ್ವಂತ ಊರಿಗೆ ಹೋಗಿಬರಲು ಕೊಡುವ ಪ್ರಯಾಣದ ಖರ್ಚನ್ನು, ಅವನು ಊರಿನ ಆಸೆ ಬಿಟ್ಟರೆ, ಅಂಡಮಾನಿಗೆ ವಿಮಾನದಲ್ಲಿ ಹೋಗಲು ಬಳಸಿಕೊಳ್ಳಬಹುದೆಂದು ಒಂದು ಆದೇಶ. 2022ರಲ್ಲಿ ಅದರ ಅವಧಿಯನ್ನು ಮತ್ತೆ ಮುಂದುವರಿಸಿದ್ದರು. ನನ್ನ ಸೇವಾ ಪುಸ್ತಕದಲ್ಲಿ 'ಸ್ವಂತ ಊರು' ಎಂಬ ಕಡೆ ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯ ಹೆಸರಿದೆ. ಅಲ್ಲಿಗೆ ಹೋಗಬೇಕೆಂಬ ಆಸೆ ನಮ್ಮ ಮನೆಯಲ್ಲಿ ಒಬ್ಬರಿಗೆ ಮಾತ್ರ ಇದ್ದಿತು, ಅಮ್ಮನಿಗೆ. ಮಕ್ಕಳಿಗೆ ಸಮುದ್ರ ಬೇಕು. ಚೆನ್ನೈನಲ್ಲಿಯೂ ಸಮುದ್ರವಿದೆಯಲ್ಲ ಎಂದು ನಾನು ವಾದಿಸಿದೆ. "ಅದು ಮೆರೀನಾ" ಎಂದಳು ಮಗಳು, ಅದು ಸಮುದ್ರದ ಲೆಕ್ಕಕ್ಕೆ ಸೇರುವುದಿಲ್ಲ ಎಂಬಂತೆ. ನನ್ನಾಕೆಗೆ ಒಂದು ವಾರ ಒಲೆಯ ಮುಂದೆ ನಿಲ್ಲದಿದ್ದರೆ ಸಾಕು. ಮತಕ್ಕೆ ಹಾಕಿದಾಗ ಅಮ್ಮ ಸೋತರು. "ಕರಿನೀರಿಗೆ ಹಿಂದೆ ಬೇಡಿ ಹಾಕಿ ಕಳಿಸುತ್ತಿದ್ದರು, ಈಗ ಟಿಕೆಟ್ಟು ಕೊಟ್ಟು ಕಳಿಸುತ್ತಾರೆ" ಎಂದಷ್ಟೇ ಹೇಳಿ ಪೆಟ್ಟಿಗೆಗೆ ಚಟ್ನಿಪುಡಿ ತುಂಬತೊಡಗಿದರು.

ಹಡಗಿನಲ್ಲಾದರೆ ಮೂರು ದಿನ ಹಿಡಿಯುವ ದಾರಿಯನ್ನು ವಿಮಾನ ಎರಡು ಗಂಟೆಗೆ ತುಸು ಮೇಲೆ ಮುಗಿಸಿತು. ಪೋರ್ಟ್ ಬ್ಲೇರಿಗೆ 2024ರಲ್ಲಿ ಶ್ರೀವಿಜಯಪುರಂ ಎಂದು ಹೆಸರಾಯಿತು. ನಾವು ಹೋದಾಗ ಇನ್ನೂ ಹಳೆಯ ಹೆಸರೇ. ಅಲ್ಲಿನ ಸೆರೆಮನೆಯನ್ನು ಕುರಿತು ಬರೆದವರು ಬಹಳ ಮಂದಿ ಇದ್ದಾರೆ, ನಾನು ಬರೆಯುವುದಿಲ್ಲ. ನಾವು ಹೊರಟಿದ್ದುದು ಅಲ್ಲಿಂದ 37 ಕಿಲೋಮೀಟರು ದೂರದ ನೀಲ್ ದ್ವೀಪಕ್ಕೆ. ಸರ್ಕಾರಿ ಹಡಗಿನಲ್ಲಿ ಸುಮಾರು ಎರಡು ಗಂಟೆ. 'ನೀಲ್' ಎಂದರೆ ನೀಲಿಯ ನೀಲವಲ್ಲ. 1857ರ ದಂಗೆಯನ್ನು ಅಡಗಿಸಿದ ಇಂಗ್ಲಿಷ್ ದಂಡನಾಯಕನೊಬ್ಬನ ಹೆಸರು. 2018ರಲ್ಲಿ ಅದನ್ನು ಶಹೀದ್ ದ್ವೀಪವೆಂದು ಬದಲಾಯಿಸಿದರು. ಊರುಗಳ ಹೆಸರು ಮಾತ್ರ ರಾಮಾಯಣದವು: ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. "ಶತ್ರುಘ್ನನನ್ನು ಇಲ್ಲಿಯೂ ಮರೆತರು ನೋಡು" ಎಂದರು ಅಮ್ಮ. ಚೆನ್ನೈ ಬಿಟ್ಟ ಮೇಲೆ ಅವರು ಆಡಿದ ಮೊದಲ ಮಾತು.

ನಾವು ಇಳಿದುಕೊಂಡದ್ದು ಒಬ್ಬ ಬಂಗಾಳಿ ರೈತನ ಮನೆಯಲ್ಲಿ. ಅಡಿಕೆ ಮರಗಳ ನಡುವೆ ತಗಡಿನ ಮಾಡಿನ ಎರಡು ಕೋಣೆ, ಮುಂದೆ ಬದನೆಯ ಪಾತಿ, ಹಿಂದೆ ಬಾವಿ. ಹಡಗುಕಟ್ಟೆಯ ಬಳಿ ನಾಲ್ಕು ಅಂಗಡಿ, ಪ್ರವಾಸಿಗಳ ಗದ್ದಲ ಇದ್ದೇ ಇತ್ತು. ಒಂದು ಮೈಲಿ ಒಳಗೆ ನಡೆದರೆ ಕೋಳಿ ಕೂಗಿದ್ದು, ತೆಂಗಿನ ಗರಿ ಬಿದ್ದದ್ದು ಬಿಟ್ಟು ಬೇರೆ ಸದ್ದಿಲ್ಲ. ಮೊದಲ ಬೆಳಗ್ಗೆ ಐದೂವರೆಗೆಲ್ಲ ಬೆಳಕು ಹರಿಯಿತು. ಗಡಿಯಾರ ಕೆಟ್ಟಿತೆಂದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ನಮ್ಮ ದೇಶದ ಗಡಿಯಾರ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು. ಅಂಡಮಾನು ಅದಕ್ಕಿಂತ ಹತ್ತು ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಲವತ್ತು ನಿಮಿಷ ಮೊದಲೇ ಹಾಜರಿ ಹಾಕುತ್ತಾನೆ. ಸಂಜೆ ಐದಕ್ಕೆ ಅವನು ಮನೆಗೆ ಹೋಗಿಬಿಡುತ್ತಾನೆ. ಸರ್ಕಾರಿ ನೌಕರನಿಗೆ ಇದಕ್ಕಿಂತ ಹೊಂದುವ ದೇಶ ಇನ್ನೊಂದಿಲ್ಲ.

ಮಗ ಒಂದು ನೋಟುಪುಸ್ತಕದಲ್ಲಿ ಸಮುದ್ರದ ಇಳಿತದ ವೇಳೆ ಬರೆದಿಡಲು ಆರಂಭಿಸಿದ. ಅದು ದಿನಕ್ಕೆ ಐವತ್ತು ನಿಮಿಷದ ಹಾಗೆ ತಡವಾಗುತ್ತ ಹೋಗುತ್ತದೆ. ನೀರಿಳಿದಾಗ ಲಕ್ಷ್ಮಣಪುರದ ಕಡೆ ಹವಳದ ಬಂಡೆಗಳು ಮೇಲೇಳುತ್ತವೆ. ಅವುಗಳ ನಡುವೆ ಉಳಿದ ಕುಣಿಗಳಲ್ಲಿ ಬೆರಳುದ್ದದ ಬಣ್ಣದ ಮೀನು, ಕಪ್ಪು ಸೌತೆಕಾಯಿಯಂತೆ ಬಿದ್ದಿರುವ ಒಂದು ಪ್ರಾಣಿ. ಮಗಳು ಸತ್ತ ಹವಳದ ತುಂಡುಗಳನ್ನು ಸೆರಗಿನಷ್ಟು ಆರಿಸಿದಳು. ಮನೆಯಾಕೆ ನೋಡಿ, ಅದನ್ನು ಒಯ್ಯಬಾರದು, ಕಾನೂನಿದೆ, ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸುತ್ತಾರೆ ಎಂದರು. ಅವಳು ಅಳುತ್ತ ಹೋಗಿ, ಒಂದೊಂದನ್ನೇ ಎಣಿಸಿ, ನೀರಿಗೆ ಹಾಕಿ ಬಂದಳು. ನನ್ನಾಕೆ ಮೂರು ದಿನ ಮಧ್ಯಾಹ್ನ ಮಲಗಿದಳು. ಮದುವೆಯಾದ ಮೇಲೆ ಅವಳು ಹಗಲಲ್ಲಿ ಮಲಗಿದ್ದನ್ನು ನಾನು ಕಂಡದ್ದು ಜ್ವರ ಬಂದಾಗ ಮಾತ್ರ ಎಂಬುದು ಆಗ ನೆನಪಾಯಿತು.

ಅಮ್ಮನನ್ನು ಸಮುದ್ರದ ದಂಡೆಗೆ ಒಂದೇ ಸಲ ಕರೆದೊಯ್ಯಲು ಸಾಧ್ಯವಾಯಿತು. ಉಳಿದ ಹೊತ್ತೆಲ್ಲ ಅವರು ತೋಟದಲ್ಲಿ. ಆ ಮನೆಯ ಹಿರಿಯರಿಗೆ ಎಪ್ಪತ್ತು ದಾಟಿತ್ತು. ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರನ್ನು 1949ರಿಂದ ಅಂಡಮಾನಿಗೆ ತಂದು ನೆಲೆಗೊಳಿಸಿದರಷ್ಟೆ; ನೀಲ್‌ಗೆ ಜನ ಬಂದದ್ದು 1960ರ ದಶಕದಲ್ಲಿ. ಇವರು ಆಗ ಹುಡುಗ. ತಂದೆಯ ಜೊತೆ ಕಾಡು ಕಡಿದು, ಬೇರು ಕಿತ್ತು, ಸರ್ಕಾರ ಕೊಟ್ಟ ನೆಲವನ್ನು ಹೊಲ ಮಾಡಿದವರು. ಇಂದು ಪೋರ್ಟ್ ಬ್ಲೇರಿನ ಪೇಟೆಗೆ ಈ ಪುಟ್ಟ ದ್ವೀಪದಿಂದ ತರಕಾರಿ ಹೋಗುತ್ತದೆ. ಅಮ್ಮನಿಗೆ ಬಂಗಾಳಿ ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿಯೇ ತೆಂಗಿನ ಬುಡಕ್ಕೆ ಎಷ್ಟು ದೂರದಲ್ಲಿ ಗೊಬ್ಬರ ಹಾಕಬೇಕೆಂದು ಗಂಟೆಗಟ್ಟಲೆ ಜಗಳವಾಡಿದರು. ಮಧ್ಯೆ ನಾನು ಕಚೇರಿಯಲ್ಲಿ ಪ್ರಾಜ್ಞ ಪರೀಕ್ಷೆ ಪಾಸುಮಾಡಿದ ಹಿಂದಿಯನ್ನು ಹೊತ್ತುಕೊಂಡು ಹೋದರೆ ಇಬ್ಬರೂ ನನ್ನನ್ನು ಅತ್ತ ಸರಿ ಎಂದರು. ವರ್ಷಕ್ಕೆ 3000 ಮಿಲಿಮೀಟರಿನಷ್ಟು ಮಳೆ, ಎಂದರೆ ತಿಪಟೂರಿನ ಕಡೆಯ ನಾಲ್ಕರಷ್ಟಕ್ಕೂ ಮೇಲೆ. ಆದರೂ ಹಿಡಿದಿಡಲು ಹೊಳೆಯಿಲ್ಲ, ಕೆರೆಯಿಲ್ಲ, ಮಾರ್ಚಿ ಬಂದರೆ ಬಾವಿಯ ತಳ ಕಾಣುತ್ತದೆ ಎಂಬ ಸಂಗತಿ ನನಗೆ ತಿಳಿದದ್ದು ಅಮ್ಮನ ಮೂಲಕವೇ. ಅವರಿಗೆ ಹೇಗೆ ತಿಳಿಯಿತೋ ಕೇಳಬೇಡಿ. ಸಾಸಿವೆ ಎಣ್ಣೆಯ ಅಡಿಗೆಯೊಂದನ್ನು ಮಾತ್ರ ಅವರು ಕೊನೆಯವರೆಗೂ ಕ್ಷಮಿಸಲಿಲ್ಲ.

ನಾಲ್ಕನೆಯ ರಾತ್ರಿ ಗಾಳಿ ಎದ್ದಿತು. ದೀಪ ಆರಿತು. ಬೆಳಗ್ಗೆ ಮನೆಯ ಮಗ ಹಡಗುಕಟ್ಟೆಯಿಂದ ನೆನೆದು ಬಂದು, ಈ ದಿನ ಹಡಗಿಲ್ಲ, ನಾಳೆಯೂ ಸಂಶಯ ಎಂದ. ನಮ್ಮ ವಿಮಾನಕ್ಕೆ ಇನ್ನೂ ಮೂರು ದಿನವಿತ್ತು. ನಮ್ಮ ಚಿರಂಜೀವಿ ಚಪ್ಪಾಳೆ ತಟ್ಟಿ ಕುಣಿದ. ನಿಜ ಹೇಳಿಬಿಡುತ್ತೇನೆ, ನಾನೂ ಒಳಗೊಳಗೆ ಕುಣಿದೆ. ಪೋರ್ಟ್ ಬ್ಲೇರಿನ ಪೇಟೆ ತಪ್ಪಿತು, ಎರಡು ದಿನ ಈ ನಿಶ್ಶಬ್ದದಲ್ಲಿಯೇ ಇರಬಹುದು. "ಈ ಊರಿಗೆ ಹಡಗೇ ಬರದಿದ್ದರೆ ಇನ್ನೂ ಚೆನ್ನ" ಎಂದೂ ನನ್ನ ಪರೀಕ್ಷೆಯ ಹಿಂದಿಯಲ್ಲಿ ಆ ಹುಡುಗನಿಗೆ ಹೇಳಿದೆ. ಅವನು ಏನೂ ಅನ್ನಲಿಲ್ಲ. ಮನೆಯಾಕೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು.

ಅವರ ಮಾವನಿಗೆ ನಡುರಾತ್ರಿ ಎದೆನೋವು ಬಂದು ಆರೋಗ್ಯ ಕೇಂದ್ರಕ್ಕೆ ಹೊತ್ತೊಯ್ದಿದ್ದರೆಂದು ನಮಗೆ ಗೊತ್ತಾದದ್ದು ಹತ್ತು ಗಂಟೆಗೆ. ಅದೂ ಅಮ್ಮ ತೋಟದಲ್ಲಿ ಅವರನ್ನು ಹುಡುಕಿದ್ದರಿಂದ. ವೈದ್ಯರು ಸೂಜಿ ಚುಚ್ಚಿ, ಮಾತ್ರೆ ಕೊಟ್ಟು, ಕೈಲಾದುದನ್ನೆಲ್ಲ ಮಾಡಿ, ಪೋರ್ಟ್ ಬ್ಲೇರಿನ ಆಸ್ಪತ್ರೆಗೆ ಸೇರಿಸಲೇಬೇಕೆಂದಿದ್ದರು. ಹಡಗಿಲ್ಲ. ಆ ಗಾಳಿಯಲ್ಲಿ ಹೆಲಿಕಾಪ್ಟರೂ ಹಾರುವುದಿಲ್ಲ. ಎದುರಿಗೆ 37 ಕಿಲೋಮೀಟರು ನೀರು. ನಮ್ಮ ಮನೆಯಿಂದ ತಾಂಬರಂಗೆ ಹೋಗಿಬರುವಷ್ಟೂ ಅಲ್ಲ.

ಆ ಎರಡು ದಿನ ನಾವು ಮಾಡಿದ್ದು ಹೆಚ್ಚೇನೂ ಇಲ್ಲ. ನನ್ನಾಕೆ ಹೇಳದೆ ಕೇಳದೆ ಅಡಿಗೆಮನೆಗೆ ಹೋಗಿ ಒಲೆ ಹಿಡಿದಳು. ಮಗ ನೋಟುಪುಸ್ತಕದಲ್ಲಿ ಇಳಿತದ ಬದಲು ಗಾಳಿ ನಿಂತ ಹೊತ್ತನ್ನು ಬರೆಯತೊಡಗಿದ; ಬರೆಯುವುದಕ್ಕೆ ಬಹಳ ಸಿಕ್ಕಲಿಲ್ಲ. ಅಮ್ಮ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಮನೆಯಾಕೆಯ ಪಕ್ಕ ಕುಳಿತರು, ರಾತ್ರಿಯೂ. ನಾನು ಹಡಗುಕಟ್ಟೆಗೂ ಮನೆಗೂ ನಡೆದೆ. ಮನೆಯ ಮಗ ದಾರಿಯಲ್ಲಿ 2016ರ ಮಾತು ತೆಗೆದ. ಆ ಡಿಸೆಂಬರಿನಲ್ಲಿ ಹೀಗೆಯೇ ಹಡಗು ನಿಂತು ಇಲ್ಲಿಯೂ ಪಕ್ಕದ ಹ್ಯಾವ್‌ಲಾಕಿನಲ್ಲಿಯೂ ಸಾವಿರಕ್ಕೂ ಹೆಚ್ಚು ಪ್ರವಾಸಿಗಳು ಸಿಕ್ಕಿಕೊಂಡಾಗ ನೌಕಾಪಡೆಯ ಹಡಗುಗಳೇ ಬಂದಿದ್ದವು. "ನಿಮ್ಮಂಥವರನ್ನು ಕರೆದುಕೊಂಡು ಹೋದರು. ಒಳ್ಳೆಯ ಕೆಲಸ. ನಾವು ಇಲ್ಲೇ ಇದ್ದೆವು" ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ಬೆಳಗಿನ ಮಾತಿಗೆ ಕ್ಷಮೆ ಕೇಳಬೇಕೆಂದಿದ್ದೆ. ಅದಕ್ಕೆ ತಕ್ಕ ಹಿಂದಿ ಮಾತು ಬಾಯಿಗೆ ಬರಲಿಲ್ಲ. ಕನ್ನಡದಲ್ಲಾದರೂ ಬರುತ್ತಿತ್ತೋ ಇಲ್ಲವೋ.

ಮೂರನೆಯ ಬೆಳಗ್ಗೆ ಹಡಗು ಬಂದಿತು. ಹಿರಿಯರನ್ನು ಕುರ್ಚಿಗೆ ಕಟ್ಟಿ ನಾಲ್ವರು ಎತ್ತಿ ತಂದರು. ಒಂದು ಕಾಲನ್ನು ನಾನೂ ಹಿಡಿದಿದ್ದೆ. ಅಮ್ಮ ಅವರ ಪಕ್ಕದಲ್ಲಿಯೇ ಕುಳಿತರು. ಅಲೆ ಇನ್ನೂ ಇಳಿದಿರಲಿಲ್ಲ. ಮುದುಕರು ಕಣ್ಣುಮುಚ್ಚಿಕೊಂಡೇ ಏನೋ ಹೇಳಿದರು, ಅಮ್ಮ ಏನೋ ಹೇಳಿದರು. ಅರ್ಧ ದಾರಿಯಲ್ಲಿ ಅವರು ಸೊಸೆಗೆ ಸನ್ನೆ ಮಾಡಿ ಒಂದು ಕಾಗದದ ಪೊಟ್ಟಣವನ್ನು ಅಮ್ಮನ ಕೈಯಲ್ಲಿ ಇಡಿಸಿದರು.

ಅವರು ಮೂರು ವಾರ ಆಸ್ಪತ್ರೆಯಲ್ಲಿದ್ದು ಊರಿಗೆ ಮರಳಿದರೆಂದು ಆಮೇಲೆ ಅವರ ಮೊಮ್ಮಗಳು ದೂರವಾಣಿಯಲ್ಲಿ ತಿಳಿಸಿದಳು. ಅವಳು ಓದುವುದು ಪೋರ್ಟ್ ಬ್ಲೇರಿನಲ್ಲಿ. ದ್ವೀಪಕ್ಕೆ ಮರಳುವ ಯೋಚನೆಯಿದೆಯೇ ಎಂದು ನನ್ನಾಕೆ ಕೇಳಿದಳು. ನಗು ಮಾತ್ರ ಕೇಳಿಸಿತು.

ಮುಂದಿನ ಎಲ್.ಟಿ.ಸಿ. ಅರ್ಜಿಯಲ್ಲಿ 'ಹೋಗುವ ಸ್ಥಳ' ಎಂಬ ಕಡೆ ಯಾರ ಮತವನ್ನೂ ಕೇಳದೆ ಹಳ್ಳಿಯ ಹೆಸರು ಬರೆದೆ. ಅಮ್ಮ ಅಷ್ಟು ಹೊತ್ತಿಗೆ ಪೊಟ್ಟಣದಲ್ಲಿದ್ದ ಹೀರೆಯ ಬೀಜಗಳನ್ನು ಮೂರನೆಯ ಮಹಡಿಯ ನಮ್ಮ ಮೊಗಸಾಲೆಯಲ್ಲಿ ಒಡೆದ ಬಕೀಟಿಗೆ ಹಾಕಿ, ಬಳ್ಳಿಯನ್ನು ಕಿಟಕಿಯ ಸರಳಿಗೆ ಹಬ್ಬಿಸಿದ್ದರು. ಹೂವು ಬೇಕಾದಷ್ಟು ಬಿಟ್ಟಿತು. ಹಿಡಿದದ್ದು ಒಂದೇ ಕಾಯಿ. ಆ ಸುದ್ದಿಯನ್ನು ನೀಲ್ ದ್ವೀಪಕ್ಕೆ ಕೂಡಲೇ ತಿಳಿಸತಕ್ಕದ್ದೆಂದು ನನಗೆ ಅಪ್ಪಣೆಯಾಯಿತು. ಹೀರೆಕಾಯಿಗೆ ಹಿಂದಿಯಲ್ಲಿ ಏನೆನ್ನುತ್ತಾರೆಂಬುದು ಪ್ರಾಜ್ಞ ಪರೀಕ್ಷೆಯ ಪಠ್ಯದಲ್ಲಿ ಇರಲಿಲ್ಲ.